ಮಾವನ ರಕ್ತದ ರಿಪೋರ್ಟು, ನನ್ನ ಕ್ಯಾಲ್ಕುಲೇಟರು

(ಈ ವಾರದ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)



ಸಾಮಾನ್ಯವಾಗಿ ನಾನಿಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ. ಸಂಬಳ, ಸಾಲ, ಇನ್ಶೂರೆನ್ಸು. ಬಿಕಾಂ ಓದಿದವನಿಗೆ ಅದೇ ತಾನೇ ಗೊತ್ತಿರೋದು. ಇವತ್ತು ಮಾತ್ರ ರಕ್ತ ಪರೀಕ್ಷೆಯ ವಿಷಯ. ಇದರಲ್ಲಿ ನಾನೇ ಮಾಡಿದ ಒಂದು ತಪ್ಪಿದೆ. ಅದೇ ತಪ್ಪನ್ನ ನಿಮ್ಮಲ್ಲಿ ಯಾರಾದ್ರೂ ಈ ವಾರ ಮಾಡಬಹುದು. ಯಾಕಂದ್ರೆ ಈಗ ಎಲ್ಲ ಮನೆಗಳಲ್ಲೂ ರಿಪೋರ್ಟ್ ಮೊದಲು ಬರೋದು ನಮ್ಮ ಫೋನಿಗೆ. ಲ್ಯಾಬಿನವರು ಪಿಡಿಎಫ್ ಕಳಿಸ್ತಾರೆ, ಅಮ್ಮ ಅಪ್ಪ ನಮ್ಮ ಮುಖ ನೋಡ್ತಾರೆ. ಡಾಕ್ಟರ್ ನೋಡೋಕೆ ಮೊದಲೇ ನಾವು ಓದಿ, ಗೂಗಲ್ ಮಾಡಿ, ಒಂದು ತೀರ್ಪು ಕೊಟ್ಟಿರ್ತೀವಿ.

ನಮ್ಮ ಸೋದರಮಾವ ತರೀಕೆರೆಯವರು. ಕಿರಾಣಿ ಅಂಗಡಿ ಇದೆ. ನಾನು ಲೆಕ್ಕ ಕಲಿತಿದ್ದೇ ಆ ಅಂಗಡಿಯ ಉದ್ದರಿ ಪುಸ್ತಕದಲ್ಲಿ. ಮಾವನಿಗೆ ಐವತ್ತಾರು ವಯಸ್ಸಾಗಿದ್ದಾಗ ಮಲದಲ್ಲಿ ರಕ್ತ ಹೋಗೋಕೆ ಶುರುವಾಯ್ತು. ಎಲ್ಲರೂ ಅಂದುಕೊಳ್ಳೋ ಹಾಗೇ ಅವರೂ ಮೂಲವ್ಯಾಧಿ ಅಂದ್ಕೊಂಡ್ರು. ಏಳು ತಿಂಗಳು ನಾಟಿ ಔಷಧಿ, ಮಜ್ಜಿಗೆ, ಮೂಲಂಗಿ. ಆಮೇಲೆ ಒಬ್ಬ ಡಾಕ್ಟರ್ ಬೆರಳು ಹಾಕಿ ಪರೀಕ್ಷೆ ಮಾಡಿ, "ಇಲ್ಲಿ ಗಟ್ಟಿ ಏನೋ ಸಿಗ್ತಿದೆ, ಸ್ಕೋಪಿ ಮಾಡಿಸಿ" ಅಂದ್ರು. ಸ್ಕೋಪಿ, ಬಯಾಪ್ಸಿ, ಎಂಆರ್‌ಐ ಎಲ್ಲ ಆಯ್ತು. ಗುದನಾಳದ ಕ್ಯಾನ್ಸರ್. ಬೇರೆ ಕಡೆ ಹರಡಿರಲಿಲ್ಲ, ಆದ್ರೆ ಇದ್ದ ಜಾಗದಲ್ಲೇ ಗೋಡೆ ದಾಟಿ ಬೆಳೆದಿತ್ತು.

ಬೆಂಗಳೂರಿನಲ್ಲಿ ಚಿಕಿತ್ಸೆ. ಐದು ವಾರಕ್ಕಿಂತ ಸ್ವಲ್ಪ ಜಾಸ್ತಿ ರೇಡಿಯೇಶನ್, ನಮ್ಮ ಕಡೆ ಎಲ್ಲರೂ ಹೇಳೋ ಹಾಗೆ 'ಕರೆಂಟ್ ಕೊಡೋದು'. ಸೋಮವಾರದಿಂದ ಶುಕ್ರವಾರ, ಶನಿವಾರ ಭಾನುವಾರ ರಜಾ. ಜೊತೆಗೆ ಬೆಳಗ್ಗೆ ಸಂಜೆ ಕ್ಯಾಪೆಸಿಟಾಬಿನ್ ಮಾತ್ರೆ. ಅದಾದ ಮೇಲೆ ಆಪರೇಶನ್. ಮಾವ, ಅತ್ತೆ ಇಬ್ಬರೂ ನನ್ನ ಬಾಡಿಗೆ ಮನೆಯಲ್ಲೇ ಉಳ್ಕೊಂಡ್ರು. ಇರೋದು ಒಂದು ರೂಮು, ಒಂದು ಹಾಲು.

ಆರನೇ ಸಿಟ್ಟಿಂಗ್ ಆದ ದಿನ ರಾತ್ರಿ. ನಿದ್ದೆ ಬರಲಿಲ್ಲ. ಮಾವನ ಫೈಲ್ ತೆಗೆದೆ. ಮೊದಲು ಕಣ್ಣಿಗೆ ಬಿದ್ದಿದ್ದು ಸಿಇಎ, 3.1. ನಾರ್ಮಲ್. ಸಮಾಧಾನ ಆಯ್ತು. ಆಮೇಲೆ ಅಂತರ್ಜಾಲದಲ್ಲಿ ಹುಡುಕ್ತಾ ಹೋದೆ, ಗುದನಾಳದ ಕ್ಯಾನ್ಸರ್, ರೇಡಿಯೇಶನ್, ರಕ್ತ ಪರೀಕ್ಷೆ ಅಂತ. ಒಂದು ಸಂಶೋಧನಾ ಲೇಖನ ಸಿಕ್ತು. ನ್ಯೂಟ್ರೋಫಿಲ್ ಸಂಖ್ಯೆಯನ್ನ ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರ ಜಾಸ್ತಿ ಇದ್ದರೆ ರೇಡಿಯೇಶನ್ನಿಗೆ ಗೆಡ್ಡೆ ಅಷ್ಟಾಗಿ ಕರಗಲ್ಲ ಅನ್ನೋ ಅರ್ಥದ ಸಾಲು ಅದರಲ್ಲಿತ್ತು. ಬಿಕಾಂನವನಿಗೆ ರೇಶಿಯೋ ಅಂದ್ರೆ ಸಾಕು, ಕೈ ತಾನಾಗೇ ಕ್ಯಾಲ್ಕುಲೇಟರಿಗೆ ಹೋಗುತ್ತೆ. ಮಾವನ ರಿಪೋರ್ಟಲ್ಲಿ ನ್ಯೂಟ್ರೋಫಿಲ್ 78, ಲಿಂಫೋಸೈಟ್ 14. ಭಾಗಿಸಿದೆ. 5.6. ಆ ಲೇಖನದವರು ಹಾಕಿದ ಗೆರೆ ಇನ್ನೂ ಕೆಳಗಿತ್ತು.

ಪುಣೆಯಲ್ಲಿರೋ ಮಾವನ ಮಗನಿಗೆ ಫೋನ್ ಮಾಡಿದೆ. ಬಾಲ್ಕನಿಯಲ್ಲಿ ನಿಂತು, ದನಿ ತಗ್ಗಿಸಿ, "ಈ ಕರೆಂಟು ಕೆಲಸ ಮಾಡೋ ಚಾನ್ಸ್ ಕಮ್ಮಿ ಅನ್ಸುತ್ತೆ ಕಣೋ" ಅಂದೆ. ಒಂದು ರೂಮಿನ ಮನೆಯಲ್ಲಿ ತಗ್ಗಿಸಿದ ದನಿ ಅಂತ ಒಂದಿರಲ್ಲ.

ಬೆಳಗ್ಗೆ ಎದ್ದು ನೋಡಿದ್ರೆ ಮಾವ ಚಾಪೆ ಸುತ್ತಿಟ್ಟು, ಬ್ಯಾಗ್ ಪಕ್ಕ ಕೂತಿದ್ರು. "ಅಳಿಯಾ, ಬಸ್ಸಿಗೆ ಟಿಕೆಟ್ ಮಾಡ್ಸು. ಕೆಲಸ ಆಗಲ್ಲ ಅಂದ್ಮೇಲೆ ಯಾಕೆ ದುಡ್ಡು ಸುಡ್ಬೇಕು. ಅಂಗಡಿ ಮುಚ್ಚಿ ಎರಡು ವಾರ ಆಯ್ತು" ಅಂದ್ರು. ಅತ್ತೆ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಎಷ್ಟು ಹೇಳಿದ್ರೂ ಅವತ್ತು ಮಾವ ಆಸ್ಪತ್ರೆಗೆ ಬರಲಿಲ್ಲ. ಏಳನೇ ಸಿಟ್ಟಿಂಗ್ ತಪ್ಪಿತು. ತಪ್ಪಿಸಿದ್ದು ನಾನು.

ಮಾರನೇ ದಿನ ನಾನೊಬ್ಬನೇ ಹೋಗಿ ರೇಡಿಯೇಶನ್ ಡಾಕ್ಟರ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಫೈಲ್ ತಿರುವಿ ಎರಡು ಹಾಳೆ ಪಕ್ಕಪಕ್ಕ ಇಟ್ರು. "ನೀವು ಲೆಕ್ಕ ಮಾಡಿದ್ದು ಮೊದಲ ಭೇಟಿಯ ರಿಪೋರ್ಟು. ಅವತ್ತು ಇವರಿಗೆ ಏನಾಗಿತ್ತು, ನೆನಪಿದೆಯಾ?" ಅಂದ್ರು. ನೆನಪಾಯ್ತು. ದವಡೆ ಹಲ್ಲು ಕೀವಾಗಿ ಮುಖ ಊದಿತ್ತು, ಜ್ವರ ಇತ್ತು. ಸೋಂಕು ಇದ್ದಾಗ ನ್ಯೂಟ್ರೋಫಿಲ್ ಏರೋದು ದೇಹದ ಮಾಮೂಲಿ ಕೆಲಸ. ಹಲ್ಲಿಗೆ ಔಷಧಿ ಆಗಿ, ರೇಡಿಯೇಶನ್ ಶುರು ಮಾಡೋ ಹಿಂದಿನ ದಿನ ತೆಗೆದ ರಕ್ತದಲ್ಲಿ ನ್ಯೂಟ್ರೋಫಿಲ್ 61, ಲಿಂಫೋಸೈಟ್ 27. ಭಾಗಿಸಿದ್ರೆ 2.3. ಆ ಹಾಳೆ ಫೈಲಿನಲ್ಲೇ ಇತ್ತು. ನಾನು ನೋಡಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ರೆ 'ಸರಿಯಾದ ತಾರೀಖಿನ ರಿಪೋರ್ಟ್ ನೋಡಿ' ಅನ್ನೋ ಒಂದೇ ಪಾಠ ಆಗ್ತಿತ್ತು. ಅವರು ಇನ್ನೊಂದು ಮಾತು ಹೇಳಿದ್ರು. "ಎರಡನೇ ಸಲವೂ 5.6 ಬಂದಿದ್ರೂ ನಾನು ಇದೇ ಚಿಕಿತ್ಸೆ ಕೊಡ್ತಿದ್ದೆ." ಇವತ್ತಿನ ಸಂಚಿಕೆ ಪೂರ್ತಿ ಆ ಒಂದು ಮಾತಿನ ಮೇಲೆ.

ಮೊದಲು, ಆಪರೇಶನ್ನಿಗೆ ಮುಂಚೆ ಕರೆಂಟ್ ಯಾಕೆ ಅನ್ನೋದನ್ನ ನೋಡೋಣ. ದೊಡ್ಡ ಕರುಳಿನ ಕೊನೆಯ ಭಾಗ ಗುದನಾಳ. ಉದ್ದ ಹೆಚ್ಚು ಕಮ್ಮಿ ಒಂದು ಗೇಣಿಗಿಂತ ಕಡಿಮೆ. ಅದು ಸೊಂಟದ ಮೂಳೆಗಳ ನಡುವೆ ಇಕ್ಕಟ್ಟಾದ ಜಾಗದಲ್ಲಿ ಕೂತಿದೆ. ಮುಂದೆ ಮೂತ್ರಕೋಶ, ಹೆಂಗಸರಲ್ಲಿ ಗರ್ಭಕೋಶ, ಗಂಡಸರಲ್ಲಿ ಪ್ರಾಸ್ಟೇಟ್. ಹೊಟ್ಟೆಯೊಳಗಿನ ಕರುಳಾದ್ರೆ ಸುತ್ತ ಜಾಗ ಬಿಟ್ಟು ಧಾರಾಳವಾಗಿ ಕತ್ತರಿಸಬಹುದು, ಇಲ್ಲಿ ಕಷ್ಟ. ಒಂದಿಷ್ಟು ಜೀವಕೋಶ ಉಳಿದ್ರೂ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತೆ.

ಜರ್ಮನಿಯಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಒಂದು ಗುಂಪಿಗೆ ಆಪರೇಶನ್ನಿಗೆ ಮೊದಲು ರೇಡಿಯೇಶನ್ ಮತ್ತು ಕೀಮೋ, ಇನ್ನೊಂದಕ್ಕೆ ಆಪರೇಶನ್ ಆದ ಮೇಲೆ. ಐದು ವರ್ಷದಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಮೊದಲೇ ಕೊಟ್ಟವರಲ್ಲಿ ನೂರಕ್ಕೆ 6, ಆಮೇಲೆ ಕೊಟ್ಟವರಲ್ಲಿ ನೂರಕ್ಕೆ 13. ಒಟ್ಟು ಬದುಕುಳಿದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದ್ರೂ ಅದೇ ಜಾಗದಲ್ಲಿ ಮರಳೋದು ಅಂದ್ರೆ ಬಹಳ ನೋವಿನ ಸಂಗತಿ. ಅಲ್ಲಿಂದ ಮುಂದೆ, ಗೋಡೆ ದಾಟಿದ ಗೆಡ್ಡೆಗಳಿಗೆ ಮೊದಲೇ ಕರೆಂಟ್ ಕೊಡೋದು ರೂಢಿಯಾಯ್ತು. ಉದ್ದದ ಕೋರ್ಸ್ ಅಂದ್ರೆ 25ರಿಂದ 28 ದಿನ, ಒಟ್ಟು 45ರಿಂದ 50 ಗ್ರೇ. ಚಿಕ್ಕ ಕೋರ್ಸ್ ಅಂದ್ರೆ ಐದೇ ದಿನ, ದಿನಕ್ಕೆ 5ರಂತೆ 25 ಗ್ರೇ. ಗ್ರೇ ಅನ್ನೋದು ವಿಕಿರಣದ ಅಳತೆ, ನಮ್ಮ ಕೇಜಿ ಲೀಟರ್ ಇದ್ದ ಹಾಗೆ.

ಈ ಚಿಕಿತ್ಸೆಗೆ ಎಲ್ಲರ ಗೆಡ್ಡೆಯೂ ಒಂದೇ ಥರ ಬಗ್ಗಲ್ಲ. ಕೆಲವರಲ್ಲಿ ಪೂರ್ತಿ ಮಾಯ. ಹೆಚ್ಚಿನವರಲ್ಲಿ ಕುಗ್ಗುತ್ತೆ. ಕೆಲವರಲ್ಲಿ ಅಷ್ಟಕ್ಕಷ್ಟೇ. 2021ರಲ್ಲಿ ಬಂದ ರ‍್ಯಾಪಿಡೋ ಅನ್ನೋ ಪ್ರಯೋಗದಲ್ಲಿ, ಚಿಕ್ಕ ಕೋರ್ಸ್ ರೇಡಿಯೇಶನ್ ಕೊಟ್ಟು, ಆಪರೇಶನ್ನಿಗೆ ಮೊದಲೇ ಕೀಮೋವನ್ನೂ ಮುಗಿಸಿದಾಗ, ಕತ್ತರಿಸಿ ತೆಗೆದ ಭಾಗದಲ್ಲಿ ಒಂದೂ ಕ್ಯಾನ್ಸರ್ ಕೋಶ ಸಿಗದೇ ಇದ್ದಿದ್ದು ನೂರಕ್ಕೆ 28 ಜನರಲ್ಲಿ. ಹಳೇ ಪದ್ಧತಿಯಲ್ಲಿ 14.

ಈಗ ಯೋಚನೆ ಮಾಡಿ. ಕತ್ತರಿಸಿ ನೋಡಿದ್ರೆ ಒಳಗೆ ಕ್ಯಾನ್ಸರ್ ಇಲ್ಲ. ಹಾಗಾದ್ರೆ ಕತ್ತರಿಸಬೇಕಿತ್ತಾ? ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಆಂಜೆಲಿಟಾ ಹಬ್ರ್ ಗಾಮಾ ಅನ್ನೋ ಸರ್ಜನ್ ಇದೇ ಪ್ರಶ್ನೆ ಕೇಳಿದ್ರು. 2004ರಲ್ಲಿ ಅವರ ತಂಡ 265 ರೋಗಿಗಳ ವಿವರ ಪ್ರಕಟಿಸ್ತು. ಅದರಲ್ಲಿ 71 ಜನರಿಗೆ ರೇಡಿಯೇಶನ್ ಮತ್ತು ಕೀಮೋ ಆದ ಮೇಲೆ ಗೆಡ್ಡೆ ಕಾಣಿಸಲೇ ಇಲ್ಲ. ಅವರಿಗೆ ಆಪರೇಶನ್ ಮಾಡದೆ, ಪದೇ ಪದೇ ಪರೀಕ್ಷೆ ಮಾಡ್ತಾ ಕಾದರು. ಆಗ ಬಹಳ ಜನ ಸರ್ಜನ್‌ಗಳಿಗೆ ಇದು ಹುಚ್ಚು ಸಾಹಸ ಅನ್ನಿಸ್ತು. ಈಗ ಆಯ್ದ ರೋಗಿಗಳಲ್ಲಿ ಈ 'ಕಾದು ನೋಡುವ' ಪದ್ಧತಿ ಜಗತ್ತಿನ ಎಷ್ಟೋ ಕಡೆ ಇದೆ. ಹೊಟ್ಟೆ ಮೇಲೆ ಮಲದ ಚೀಲ ಕಟ್ಟಿಕೊಂಡು ಬದುಕೋದು ತಪ್ಪಬಹುದು ಅಂದ್ರೆ ಅದರ ಬೆಲೆ ಎಷ್ಟು ಅಂತ ನೀವೇ ಯೋಚಿಸಿ.

ಅದಕ್ಕೇ ವಿಜ್ಞಾನಿಗಳಿಗೆ ಒಂದು ಆಸೆ. ಯಾರ ಗೆಡ್ಡೆ ಕರಗುತ್ತೆ, ಯಾರದ್ದು ಕರಗಲ್ಲ ಅಂತ ಮೊದಲೇ ಗೊತ್ತಾಗೋ ಹಾಗಿದ್ರೆ? ಅದೂ ಒಂದು ಸೂಜಿ ಚುಚ್ಚಿ, ಎರಡು ಎಂಎಲ್ ರಕ್ತದಲ್ಲಿ? ಈ ಆಸೆಯಿಂದಲೇ ಜಗತ್ತಿನಾದ್ಯಂತ ನೂರಾರು ಅಧ್ಯಯನ ಬಂದಿವೆ. ನನಗೆ ಅವತ್ತು ರಾತ್ರಿ ಸಿಕ್ಕಿದ್ದು ಅಂಥದ್ದೇ ಒಂದು.

ಮುಖ್ಯವಾದ ಮೂರು ಗುರುತುಗಳನ್ನ ನೋಡೋಣ.

ಮೊದಲನೆಯದು ಸಿಇಎ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನ ಕಂಡುಹಿಡಿದಿದ್ದು 1965ರಲ್ಲಿ. ಅಂದ್ರೆ ಹತ್ತಿರ ಹತ್ತಿರ ನಮ್ಮ ಅಜ್ಜ ಅಜ್ಜಿ ಕಾಲದ ಟೆಸ್ಟು. ಇದೊಂದು ಪ್ರೋಟೀನ್. ಗರ್ಭದಲ್ಲಿರೋ ಮಗುವಿನ ಕರುಳಿನಲ್ಲಿ ಹೇರಳವಾಗಿರುತ್ತೆ, ಹುಟ್ಟಿದ ಮೇಲೆ ತೀರಾ ಕಮ್ಮಿಯಾಗುತ್ತೆ. ಕರುಳಿನ ಕ್ಯಾನ್ಸರ್ ಕೋಶಗಳು ಇದನ್ನ ಮತ್ತೆ ತಯಾರಿಸಿ ರಕ್ತಕ್ಕೆ ಬಿಡಬಹುದು. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 5 ನ್ಯಾನೋಗ್ರಾಂವರೆಗೆ ನಾರ್ಮಲ್ ಅಂತಾರೆ. ಬೀಡಿ ಸಿಗರೇಟು ಸೇದೋರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸ್ವಲ್ಪ ಜಾಸ್ತಿ ಇರುತ್ತೆ. ಲಿವರ್ ತೊಂದರೆ, ಕರುಳಿನ ಉರಿಯೂತ ಇದ್ದಾಗಲೂ ಏರುತ್ತೆ. ಇನ್ನೊಂದು ಕಡೆ, ಕ್ಯಾನ್ಸರ್ ಇದ್ದೂ ಸಿಇಎ ನಾರ್ಮಲ್ ಇರೋರು ಬೇಕಾದಷ್ಟು ಜನ. ನಮ್ಮ ಮಾವನೇ ಸಾಕ್ಷಿ. 3.1 ನೋಡಿ ನಾನು ಸಮಾಧಾನ ಪಟ್ಟಿದ್ದೂ ತಪ್ಪೇ. ಹಾಗಾಗಿ 'ಫುಲ್ ಬಾಡಿ ಚೆಕಪ್' ಪ್ಯಾಕೇಜಿನಲ್ಲಿ ಸಿಇಎ ನಾರ್ಮಲ್ ಬಂತು ಅಂತ ಮಲದಲ್ಲಿ ಹೋಗೋ ರಕ್ತವನ್ನ ಕಡೆಗಣಿಸಬೇಡಿ. ಇದು ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಹುಡುಕೋ ಟೆಸ್ಟ್ ಅಲ್ಲ.

ಮತ್ತೆ ಇದರ ಉಪಯೋಗ ಏನು? ಕಾಯಿಲೆ ಗೊತ್ತಾದ ಮೇಲೆ ಕಾವಲು ಕಾಯೋದು. ಚಿಕಿತ್ಸೆಗೆ ಮೊದಲು ಎತ್ತರ ಇದ್ದ ಸಿಇಎ ಆಪರೇಶನ್ ಆದ ಮೇಲೆ ಕೆಲವು ವಾರಗಳಲ್ಲಿ ಇಳಿಯಬೇಕು. ಇಳಿದಿದ್ದು ತಿಂಗಳುಗಳ ನಂತರ ಮತ್ತೆ ಮತ್ತೆ ಏರ್ತಾ ಹೋದ್ರೆ ಡಾಕ್ಟರ್ ಸ್ಕ್ಯಾನ್ ಮಾಡಿಸ್ತಾರೆ. ರೇಡಿಯೇಶನ್ ವಿಷಯಕ್ಕೆ ಬಂದ್ರೆ, ಶುರುವಿನಲ್ಲೇ ಸಿಇಎ ಜಾಸ್ತಿ ಇರೋರಲ್ಲಿ ಗೆಡ್ಡೆ ಪೂರ್ತಿ ಕರಗೋದು ಸರಾಸರಿ ಕಮ್ಮಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. 'ಸರಾಸರಿ' ಅನ್ನೋ ಪದ ನೆನಪಿಟ್ಕೊಳ್ಳಿ, ವಾಪಸ್ ಬರ್ತೀನಿ.

ಎರಡನೆಯದು ನಾನು ಎಡವಿದ ರೇಶಿಯೋ, ಎನ್‌ಎಲ್‌ಆರ್. ಇದಕ್ಕೆ ಬೇರೆ ಟೆಸ್ಟೇ ಬೇಡ. ಜ್ವರ ಬಂದ್ರೂ ಮಾಡಿಸ್ತೀವಲ್ಲ ಸಿಬಿಸಿ, ಅದರಲ್ಲಿರೋ ಎರಡು ಸಂಖ್ಯೆ ಸಾಕು. ಇದರ ಹಿಂದೆ ಒಂದು ತರ್ಕ ಇದೆ. ನ್ಯೂಟ್ರೋಫಿಲ್ ಉರಿಯೂತದ ಕಡೆಯ ಬಿಳಿ ರಕ್ತಕಣ, ದೇಹದಲ್ಲಿ ಉರಿಯೂತ ಇದ್ರೆ ಗೆಡ್ಡೆಗೆ ಅನುಕೂಲ ಆಗಬಹುದು. ಲಿಂಫೋಸೈಟ್‌ಗಳಲ್ಲಿ ಕೆಲವು ಕ್ಯಾನ್ಸರ್ ಕೋಶವನ್ನ ಗುರುತಿಸಿ ಕೊಲ್ಲುತ್ತವೆ. ರೇಡಿಯೇಶನ್ ಕೆಲಸ ಮಾಡೋದರಲ್ಲಿ ನಮ್ಮದೇ ರೋಗನಿರೋಧಕ ಶಕ್ತಿಯ ಪಾಲೂ ಇದೆ. ಹಾಗಾಗಿ ಮೊದಲನೆಯದು ಜಾಸ್ತಿ, ಎರಡನೆಯದು ಕಮ್ಮಿ ಆದ್ರೆ ಒಳ್ಳೆ ಲಕ್ಷಣ ಅಲ್ಲ ಅನ್ನೋದು ವಾದ.

ವಾದ ಸರಿ, ಅಳತೆಗೋಲು ಅಲುಗಾಡುತ್ತೆ. ಒಂದು ಅಧ್ಯಯನದವರು ಗೆರೆಯನ್ನ 2ರ ಹತ್ತಿರ ಹಾಕ್ತಾರೆ, ಇನ್ನೊಬ್ಬರು 3ಕ್ಕೆ, ಮತ್ತೊಬ್ಬರು 5ಕ್ಕೆ. ಹೆಚ್ಚಿನವು ಹಳೇ ಫೈಲುಗಳನ್ನ ತೆರೆದು, ಫಲಿತಾಂಶ ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ಗೆರೆ ಎಳೆದಿರೋ ಅಧ್ಯಯನಗಳು. ಕಳೆದ ವರ್ಷದ ಶೇರು ಪೇಟೆ ನೋಡಿ, 'ಇಂಥ ದಿನ ಕೊಂಡಿದ್ರೆ ಲಾಭ ಆಗ್ತಿತ್ತು' ಅನ್ನೋದು ಎಷ್ಟು ಸುಲಭ, ನಿಮಗೇ ಗೊತ್ತು. ಜೊತೆಗೆ ಹಲ್ಲುನೋವು, ಮೂತ್ರದ ಸೋಂಕು, ಸ್ಟೀರಾಯ್ಡ್ ಮಾತ್ರೆ, ಇವೆಲ್ಲ ಈ ಸಂಖ್ಯೆಯನ್ನ ಕುಣಿಸುತ್ತವೆ.

ಇನ್ನೊಂದು ವಿಷಯ ಡಾಕ್ಟರ್ ಹೇಳಿದ್ದು ಕೇಳಿ ನನಗೆ ಬೆವರು ಬಂತು. ನಮ್ಮ ದೇಹದ ಕೋಶಗಳಲ್ಲಿ ವಿಕಿರಣಕ್ಕೆ ಅತಿ ಬೇಗ ಸಾಯೋದರಲ್ಲಿ ಲಿಂಫೋಸೈಟ್ ಒಂದು. ಸೊಂಟದ ಮೂಳೆಗಳಲ್ಲಿ ರಕ್ತ ತಯಾರಿಸೋ ಮಜ್ಜೆ ಬಹಳ ಇದೆ, ಅಲ್ಲಿಗೇ ಕರೆಂಟ್ ಬೀಳೋದು. ಹಾಗಾಗಿ ಚಿಕಿತ್ಸೆ ನಡೀತಿರುವಾಗ ಲಿಂಫೋಸೈಟ್ ಇಳಿಯೋದು ಮಾಮೂಲಿ. "ಇನ್ನು ಎರಡು ವಾರ ಬಿಟ್ಟು ನೀವು ಮತ್ತೆ ಭಾಗಿಸಿದ್ರೆ ರೇಶಿಯೋ ಏರಿರುತ್ತೆ. ಆಗ ಏನು ಮಾಡ್ತಿದ್ರಿ, ಮನೆಯವರಿಗೆಲ್ಲ ಫೋನ್ ಮಾಡ್ತಿದ್ರಾ?" ಅಂದ್ರು. ಮಾಡ್ತಿದ್ದೆ ಅನ್ಸುತ್ತೆ.

ಮೂರನೆಯದು ಹಿಮೋಗ್ಲೋಬಿನ್. ಇದರ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸ್ತು. ವಿಕಿರಣಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ಇಲ್ಲದ ಕೋಶವನ್ನ ಕೊಲ್ಲೋಕೆ ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ವಿಕಿರಣ ಬೇಕಾಗುತ್ತೆ. ಬ್ರಿಟನ್ನಿನ ಲೂಯಿಸ್ ಹೆರಾಲ್ಡ್ ಗ್ರೇ ಮತ್ತು ಅವರ ಜೊತೆಗಾರರು 1953ರಲ್ಲಿ ಈ ಬಗ್ಗೆ ಬರೆದ ಲೇಖನ ಇವತ್ತಿಗೂ ಪ್ರಸಿದ್ಧ. ಮೊದಲು ಹೇಳಿದೆನಲ್ಲ ಗ್ರೇ ಅನ್ನೋ ಅಳತೆ, ಅದು ಇವರ ಹೆಸರೇ. ರಕ್ತದಲ್ಲಿ ಆಮ್ಲಜನಕ ಹೊರೋದು ಹಿಮೋಗ್ಲೋಬಿನ್. ಗುದನಾಳದ ಕ್ಯಾನ್ಸರಿನವರಿಗೆ ತಿಂಗಳುಗಟ್ಟಲೆ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿರುತ್ತೆ. ಹಿಮೋಗ್ಲೋಬಿನ್ ಕಮ್ಮಿ ಇರೋರಲ್ಲಿ ರೇಡಿಯೇಶನ್ ಫಲ ಕಮ್ಮಿ ಅಂತ ಬೇರೆ ಬೇರೆ ಕ್ಯಾನ್ಸರ್‌ಗಳಲ್ಲಿ ಕಂಡಿದೆ.

ಹಾಗಾದ್ರೆ ಲೆಕ್ಕ ಸುಲಭ ಅಲ್ವಾ? ಇಂಜೆಕ್ಷನ್ ಕೊಟ್ಟು ಹಿಮೋಗ್ಲೋಬಿನ್ ಏರಿಸಿದ್ರೆ ರೇಡಿಯೇಶನ್ ಚೆನ್ನಾಗಿ ಕೆಲಸ ಮಾಡಬೇಕು. ತಲೆ ಕತ್ತಿನ ಕ್ಯಾನ್ಸರ್ ಇರೋ 351 ಜನರಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು, 2003ರಲ್ಲಿ ಫಲಿತಾಂಶ ಬಂತು. ಎರಿತ್ರೊಪೊಯೆಟಿನ್ ಇಂಜೆಕ್ಷನ್ ಕೊಟ್ಟವರಲ್ಲಿ ಹಿಮೋಗ್ಲೋಬಿನ್ ಏನೋ ಚೆನ್ನಾಗಿ ಏರಿತು. ಕ್ಯಾನ್ಸರ್ ಹತೋಟಿಗೆ ಬಂದಿದ್ದು ಮಾತ್ರ ಇಂಜೆಕ್ಷನ್ ಕೊಡದವರಿಗಿಂತ ಕಮ್ಮಿ. ಬದುಕುಳಿಯುವ ಪ್ರಮಾಣವೂ ಕಮ್ಮಿ.

ಇದನ್ನ ಓದಿ ನಾನು ಫೋನ್ ಕೆಳಗಿಟ್ಟೆ. ರಿಪೋರ್ಟಿನ ಸಂಖ್ಯೆ ಸರಿ ಹೋಯ್ತು, ರೋಗಿಗೆ ಒಳ್ಳೇದಾಗಲಿಲ್ಲ. ನಮ್ಮ ಅಕೌಂಟೆನ್ಸಿಯಲ್ಲಿ ಮೊದಲ ವರ್ಷವೇ ಹೇಳ್ಕೊಡ್ತಾರೆ, ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ ಅಂತ. ಪರೀಕ್ಷೆಯಲ್ಲಿ ಅದನ್ನ ಬರೆದು ಮಾರ್ಕ್ಸ್ ತಗೊಂಡಿದ್ದೆ. ಮಾವನ ವಿಷಯದಲ್ಲಿ ಮರೆತೆ. ರಕ್ತಹೀನತೆ ಇದ್ರೆ ಡಾಕ್ಟರ್ ಸರಿಪಡಿಸ್ತಾರೆ, ಕಬ್ಬಿಣಾಂಶ ಕೊಡ್ತಾರೆ, ಬೇಕಾದ್ರೆ ರಕ್ತ ಏರಿಸ್ತಾರೆ. ಅದು ರೋಗಿಯ ಸುಸ್ತು ನೋಡಿ, ಒಟ್ಟು ಸ್ಥಿತಿ ನೋಡಿ. ಹಾಗಾಗಿ ದಯವಿಟ್ಟು, ಆ ಪುಡಿ ಈ ಜ್ಯೂಸ್ ಅಂತ ಸಂಖ್ಯೆ ಏರಿಸೋಕೆ ಹೋಗಬೇಡಿ.

ಈಗ 'ಸರಾಸರಿ' ಅನ್ನೋ ಪದಕ್ಕೆ ವಾಪಸ್. ಅರ್ಥ ಆಗಲಿ ಅಂತ ನಾನೇ ಒಂದು ಲೆಕ್ಕ ಹಾಕ್ತೀನಿ. ಇದು ಯಾವ ಅಧ್ಯಯನದ ಅಂಕಿಯೂ ಅಲ್ಲ, ಬರೀ ಉದಾಹರಣೆ. ರಕ್ತದ ಗುರುತು 'ಒಳ್ಳೇದು' ಇರೋ ನೂರು ಜನ, 'ಕೆಟ್ಟದ್ದು' ಇರೋ ನೂರು ಜನ. ಮೊದಲ ನೂರರಲ್ಲಿ 25 ಜನರ ಗೆಡ್ಡೆ ಪೂರ್ತಿ ಕರಗ್ತು, ಎರಡನೇ ನೂರರಲ್ಲಿ 12 ಜನರದ್ದು. ವ್ಯತ್ಯಾಸ ಎರಡು ಪಟ್ಟು! ಪತ್ರಿಕೆಯಲ್ಲಿ ತಲೆಬರಹ ಬರುತ್ತೆ. ಆದ್ರೆ ಮಾವ ಎರಡನೇ ಗುಂಪಿನಲ್ಲಿದ್ರೆ ಅವರು ಆ 12ರಲ್ಲಿ ಒಬ್ಬರಾ, 88ರಲ್ಲಿ ಒಬ್ಬರಾ? ರಕ್ತದ ಸಂಖ್ಯೆ ಹೇಳಲ್ಲ. ಒಳ್ಳೆ ಗುಂಪಿನಲ್ಲೂ 75 ಜನರದ್ದು ಪೂರ್ತಿ ಕರಗಿಲ್ಲ. ಆ 88 ಜನರಿಗೂ ಚಿಕಿತ್ಸೆ ದಂಡ ಆಯ್ತು ಅಂತಲ್ಲ. ಪೂರ್ತಿ ಕರಗದೇ ಇದ್ರೂ ಕುಗ್ಗಿದ್ರೆ ಸರ್ಜನ್ನಿಗೆ ಸುತ್ತ ಜಾಗ ಬಿಟ್ಟು ಸ್ವಚ್ಛವಾಗಿ ತೆಗೆಯೋಕೆ ಆಗುತ್ತೆ. ನಾನು ಬಾಲ್ಕನಿಯಲ್ಲಿ 'ಕೆಲಸ ಮಾಡಲ್ಲ' ಅಂದೆನಲ್ಲ, ಆ ಲೇಖನ ಆ ಮಾತನ್ನ ಹೇಳೇ ಇರಲಿಲ್ಲ. ಅದು ಗುಂಪಿನ ಬಗ್ಗೆ ಹೇಳಿದ್ದನ್ನ ನಾನು ಮಾವನ ಹಣೆಗೆ ಅಂಟಿಸಿದ್ದೆ.

ಹಾಗಂತ ಯಾವ ಟೆಸ್ಟೂ ಮುಂದಿನ ದಾರಿ ಬದಲಿಸಲ್ಲ ಅಂತಲ್ಲ. ಒಂದಿದೆ, ಅದು ರಕ್ತದ್ದಲ್ಲ. ಬಯಾಪ್ಸಿ ತುಣುಕಿನ ಮೇಲೆ ಮಾಡೋ ಎಂಎಂಆರ್ ಪರೀಕ್ಷೆ. ನಮ್ಮ ಕೋಶಗಳಲ್ಲಿ ಡಿಎನ್ಎ ನಕಲು ಮಾಡುವಾಗ ಆಗೋ ತಪ್ಪುಗಳನ್ನ ತಿದ್ದೋ ಒಂದು ವ್ಯವಸ್ಥೆ ಇದೆ. ಕೆಲವರ ಗೆಡ್ಡೆಯಲ್ಲಿ ಅದು ಕೆಟ್ಟಿರುತ್ತೆ. ಗುದನಾಳದ ಕ್ಯಾನ್ಸರಿನವರಲ್ಲಿ ಇಂಥವರು ಬಹಳ ಕಮ್ಮಿ, ಹತ್ತರಲ್ಲಿ ಒಬ್ಬರೂ ಇಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಅಂಥವರಿಗೆ ಡೋಸ್ಟಾರ್ಲಿಮ್ಯಾಬ್ ಅನ್ನೋ ಇಮ್ಯುನೋಥೆರಪಿ ಔಷಧಿ ಕೊಟ್ರು. 2022ರಲ್ಲಿ ಮೊದಲ 12 ಜನರ ಫಲಿತಾಂಶ ಬಂತು, ಹನ್ನೆರಡೂ ಜನರಲ್ಲಿ ಗೆಡ್ಡೆ ಮಾಯ. ರೇಡಿಯೇಶನ್ ಇಲ್ಲ, ಆಪರೇಶನ್ ಇಲ್ಲ. 2025ರ ವರದಿಯಲ್ಲಿ ಚಿಕಿತ್ಸೆ ಮುಗಿಸಿದ 49 ಗುದನಾಳದ ರೋಗಿಗಳಲ್ಲೂ ಅದೇ ಫಲಿತಾಂಶ. ಔಷಧಿ ದುಬಾರಿ, ಎಲ್ಲರಿಗೂ ಅಲ್ಲ. ಆದ್ರೆ ನಿಮ್ಮ ಮನೆಯವರ ಬಯಾಪ್ಸಿ ಆಗಿದ್ರೆ, "ಎಂಎಂಆರ್ ಮಾಡಿದೀರಾ?" ಅಂತ ಕೇಳೋಕೆ ದುಡ್ಡು ಕೊಡಬೇಕಿಲ್ಲ. ನಾನು ರಾತ್ರಿಯೆಲ್ಲ ಭಾಗಾಕಾರ ಮಾಡೋ ಬದಲು ಈ ಒಂದು ಪ್ರಶ್ನೆ ಕೇಳಬೇಕಿತ್ತು. ಮಾವನದ್ದು ಆ ಥರದ ಗೆಡ್ಡೆ ಆಗಿರಲಿಲ್ಲ, ಆಮೇಲೆ ಗೊತ್ತಾಯ್ತು. ರಕ್ತದಲ್ಲಿ ತೇಲೋ ಗೆಡ್ಡೆಯ ಡಿಎನ್ಎ ಚೂರುಗಳನ್ನ ಹುಡುಕೋ ಹೊಸ ಪರೀಕ್ಷೆಗಳೂ ಬರ್ತಿವೆ, ಆ ಬಗ್ಗೆ ಭರವಸೆ ಇದೆ, ಪ್ರಯೋಗಗಳು ನಡೀತಿವೆ.

ಸರಿ. ನಾಳೆ ನಿಮ್ಮ ಫೋನಿಗೂ ಒಂದು ಪಿಡಿಎಫ್ ಬರುತ್ತೆ ಅಂದ್ಕೊಳ್ಳಿ. ಏನು ಮಾಡೋದು?

ಮೊದಲು ತಾರೀಖು ನೋಡಿ. ಅವತ್ತು ಜ್ವರ, ಸೋಂಕು, ಹೊಸ ಮಾತ್ರೆ ಏನಾದ್ರೂ ಇತ್ತಾ ಅಂತ ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿಡಿ. ಡಾಕ್ಟರಿಗೆ ನಿಜವಾಗಲೂ ಉಪಯೋಗ ಆಗೋದು ಅದು. ಸಿಇಎ ಪ್ರತಿ ಸಲವೂ ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ಯಂತ್ರ ಬದಲಾದ್ರೆ ಸಂಖ್ಯೆಯೂ ಸ್ವಲ್ಪ ಬದಲಾಗುತ್ತೆ. ಎಲ್ಲ ಸಂಖ್ಯೆಗಳನ್ನ ತಾರೀಖಿನ ಸಮೇತ ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಸೇರಿಸಿ. ದಪ್ಪ ಅಕ್ಷರದಲ್ಲಿ ಬಂದಿರೋ ಸಂಖ್ಯೆ ಕಂಡು ಗಾಬರಿಯಾದ್ರೆ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: "ಈ ಸಂಖ್ಯೆಯಿಂದ ಚಿಕಿತ್ಸೆಯಲ್ಲಿ ಏನಾದ್ರೂ ಬದಲಾಗುತ್ತಾ?" ಇಲ್ಲ ಅಂದ್ರೆ ಅದನ್ನ ಅಲ್ಲೇ ಬಿಟ್ಟು ಮನೆಗೆ ಬನ್ನಿ. ಗುದನಾಳದ ಗೆಡ್ಡೆ ಕರಗಿದೆಯಾ ಅನ್ನೋದನ್ನ ಕೊನೆಗೆ ಹೇಳೋದು ಬೆರಳು ಪರೀಕ್ಷೆ, ಸ್ಕೋಪಿ, ಎಂಆರ್‌ಐ, ಮೂರೂ ಸೇರಿ. ಮತ್ತೆ ಸಿಟ್ಟಿಂಗ್ ತಪ್ಪಿಸಬೇಡಿ. ತಪ್ಪಿದ್ರೆ ಮುಚ್ಚಿಡಬೇಡಿ, ಹೇಳಿ, ಅವರು ಕೊನೆಗೆ ಸೇರಿಸಿ ಸರಿಮಾಡ್ತಾರೆ.

ಇನ್ನು ನಿಮಗೇ. ಇಪ್ಪತ್ತು, ಮೂವತ್ತರ ವಯಸ್ಸಿನವರಿಗೂ ಈ ಕ್ಯಾನ್ಸರ್ ಬರುತ್ತೆ. ಮಲದಲ್ಲಿ ರಕ್ತ, ಹೋಗಿ ಬಂದ ಮೇಲೂ ಇನ್ನೂ ಇದೆ ಅನ್ನಿಸೋದು, ವಾರಗಟ್ಟಲೆ ಮಲದ ರೀತಿ ಬದಲಾಗಿರೋದು, ಇವು ಇದ್ರೆ ನಾಚಿಕೆ ಬಿಟ್ಟು ಒಂದು ಬೆರಳು ಪರೀಕ್ಷೆ ಮಾಡಿಸಿ. ಎರಡು ನಿಮಿಷದ ಕೆಲಸ. ಮಾವ ಅದಕ್ಕೆ ಏಳು ತಿಂಗಳು ತಗೊಂಡ್ರು.

ಮಾವ ಏನಾದ್ರು ಅಂತ ಕೇಳ್ತೀರಿ, ಗೊತ್ತು. ಆ ಡಾಕ್ಟರ್ ಫೋನಿನಲ್ಲಿ ನೇರವಾಗಿ ಅವರ ಹತ್ರಾನೇ ಮಾತಾಡಿದ್ರು. ಮಾವ ಕೇಳಿದ್ದು ಒಂದೇ: "ಮೇಡಂ, ನಿಮ್ಮ ಅಪ್ಪ ಆಗಿದ್ರೆ ಮುಂದುವರಿಸ್ತಿದ್ರಾ?" ಅವರು "ಹೌದು" ಅಂದ್ರು. ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಮಾವ ನನಗಿಂತ ಮೊದಲು ರೆಡಿಯಾಗಿದ್ರು. ಗೆಡ್ಡೆ ಪೂರ್ತಿ ಕರಗಲಿಲ್ಲ, ಅರ್ಧಕ್ಕಿಂತ ಕಮ್ಮಿಯಾಯ್ತು. ಆಪರೇಶನ್ ಆಯ್ತು. ಕೆಲವು ತಿಂಗಳು ಹೊಟ್ಟೆ ಮೇಲೆ ಚೀಲ ಇತ್ತು, ಆಮೇಲೆ ಅದನ್ನ ತೆಗೆದು ಕರುಳು ಜೋಡಿಸಿದ್ರು. ಈಗಲೂ ಊಟ ಆದ ತಕ್ಷಣ ಓಡಬೇಕಾಗುತ್ತೆ, ದೂರದ ಮದುವೆಗಳಿಗೆ ಹೋಗಲ್ಲ. ಅಂಗಡಿ ತೆರೆದಿದ್ದಾರೆ.

ಮೂರು ತಿಂಗಳಿಗೊಮ್ಮೆ ಸಿಇಎ ಮಾಡಿಸ್ತಾರೆ. ಅದನ್ನ ಉದ್ದರಿ ಪುಸ್ತಕದ ಕೊನೇ ಪುಟದಲ್ಲಿ ತಾರೀಖು ಹಾಕಿ ಬರೆದಿಟ್ಕೊಂಡಿದ್ದಾರೆ. ಹೋದ ತಿಂಗಳು ನಾನು ತರೀಕೆರೆಗೆ ಹೋಗಿದ್ದಾಗ ತೋರಿಸಿದ್ರು. 2.8, 3.4, 2.9, 3.2. ನಾನು ಆ 3.4ರ ಮೇಲೆ ಕಣ್ಣಿಟ್ಟಿದ್ದು ನೋಡಿ ಮಾವ ಪುಸ್ತಕ ಮುಚ್ಚಿದ್ರು. "ಒಂದಿನದ ಗಲ್ಲಾ ನೋಡಿ ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಹೇಳ್ಬಾರ್ದು ಅಂತ ನಿನಗೆ ನಾನೇ ಹೇಳ್ಕೊಟ್ಟಿದ್ದಲ್ವೇನೋ" ಅಂದ್ರು.

ಹೌದು ಮಾವ, ನೀವೇ.

ನಿಮ್ಮ ಮನೆಯಲ್ಲೂ ಇಂಥದ್ದೇನಾದ್ರೂ ನಡೀತಿದ್ರೆ ಬರೆದು ಕಳಿಸಿ. ರಿಪೋರ್ಟ್ ಕಳಿಸಬೇಡಿ, ನಾನು ಇನ್ಮೇಲೆ ಭಾಗಾಕಾರ ಮಾಡಲ್ಲ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯಕ್ಕೆ ಬರೋಣ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇನ್ಶೂರೆನ್ಸ್ ಏನು ಕೊಡುತ್ತೆ, ಏನು ಕೊಡಲ್ಲ. ಅಲ್ಲಿವರೆಗೆ, ನಮಸ್ಕಾರ.